ಬಡ ಅಧ್ಯಕ್ಷನಲ್ಲ, ಜನರ ಖಾದಿಮ್

2025ರ ಮೇ 13ರಂದು ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಪುಟ್ಟ ದೇಶದಲ್ಲಿ 89 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೆಸರು ಹೊಸೆ ಮುಹಿಕಾ. ಅಲ್ಲಿನ ಜನ ಪ್ರೀತಿಯಿಂದ ಕರೆಯುತ್ತಿದ್ದದ್ದು ‘ಪೆಪೆ’ ಎಂದು. 2010ರಿಂದ 2015ರವರೆಗೆ ಐದು ವರ್ಷ ಅವರು ಆ ದೇಶದ ಅಧ್ಯಕ್ಷರಾಗಿದ್ದರು. ಮಾಸಿದ ಅಂಗಿ, ಟೈ ಇಲ್ಲದ ಕೊರಳು, ಪಕ್ಕದಲ್ಲಿ ನೀಲಿ ಬಣ್ಣದ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಕಾಲ ಬುಡದಲ್ಲಿ ಮೂರೇ ಕಾಲಿನ ಒಂದು ನಾಯಿ. ಈ ಫೋಟೊವನ್ನು ಮೊಬೈಲಿನಲ್ಲಿ ನೀವೂ ನೋಡಿರಬಹುದು. ‘ಜಗತ್ತಿನ ಅತ್ಯಂತ ಬಡ ಅಧ್ಯಕ್ಷ’ ಎಂದು ಪತ್ರಿಕೆಗಳು ಅವರಿಗೆ ಬಿರುದು ಕೊಟ್ಟಿದ್ದವು.

ಆ ಬಿರುದು ಅವರಿಗೆ ಇಷ್ಟವಿರಲಿಲ್ಲ. ಕಡಿಮೆ ಇದ್ದವನು ಬಡವನಲ್ಲ, ಎಷ್ಟಿದ್ದರೂ ಸಾಲದು ಎನ್ನುವವನೇ ಬಡವ ಎಂಬುದು ಅವರ ಉತ್ತರವಾಗಿತ್ತು. ನಮ್ಮ ಮನೆಯ ಹಿರಿಯರೂ ಇದೇ ಮಾತು ಹೇಳುತ್ತಿದ್ದರು ಅಲ್ವಾ? ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ನಾಯಕ ಹಳೇ ಕಾರಿನಲ್ಲಿ ಓಡಾಡಿದರೆ ಜನರಿಗೇನು ಲಾಭ? ಅವನು ಚಪ್ಪಲಿ ಹಾಕಿದರೇನು, ಬೂಟು ಹಾಕಿದರೇನು? ಸರಳ ನಾಯಕ ಮತ್ತು ಸೇವಕ ನಾಯಕ, ಇಬ್ಬರೂ ಒಂದೇನಾ? ಅಲ್ಲ ಎನ್ನುವುದಕ್ಕೆ ಮುಹಿಕಾ ಅವರ ಬದುಕೇ ಒಳ್ಳೆಯ ಪಾಠ.

ಲಿಯೋ ಎಂಬ ಆಳು

‘ಸೇವಕ ನಾಯಕತ್ವ’ ಎಂಬ ಮಾತನ್ನು ಈ ಕಾಲದಲ್ಲಿ ಚಲಾವಣೆಗೆ ತಂದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ಅವರು ಪ್ರೊಫೆಸರ್ ಅಲ್ಲ, ಧರ್ಮಗುರುವೂ ಅಲ್ಲ. ಎಟಿ ಆ್ಯಂಡ್ ಟಿ ಎಂಬ ದೊಡ್ಡ ಟೆಲಿಫೋನ್ ಕಂಪೆನಿಯಲ್ಲಿ 38 ವರ್ಷ ದುಡಿದು ನಿವೃತ್ತರಾದವರು. 1970ರಲ್ಲಿ ‘ನಾಯಕನಾಗಿ ಸೇವಕ’ ಎಂಬರ್ಥದ ತಲೆಬರಹದಲ್ಲಿ ಒಂದು ಪ್ರಬಂಧ ಬರೆದರು. ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ಒಂದು ಸಣ್ಣ ಕಾದಂಬರಿ ಅದಕ್ಕೆ ಪ್ರೇರಣೆ. ಒಂದು ಗುಂಪು ದೂರದ ಯಾತ್ರೆಗೆ ಹೊರಟಿರುತ್ತದೆ. ಅವರ ಜೊತೆ ಸಾಮಾನು ಹೊರುವ, ಚಾಕರಿ ಮಾಡುವ, ಹಾಡಿ ಎಲ್ಲರನ್ನೂ ಖುಷಿಯಲ್ಲಿಡುವ ಲಿಯೋ ಎಂಬ ಆಳು. ಒಂದು ದಿನ ಲಿಯೋ ಕಾಣೆಯಾಗುತ್ತಾನೆ. ಅಷ್ಟೇ, ಗುಂಪು ಚದುರಿಹೋಗುತ್ತದೆ, ಯಾತ್ರೆ ನಿಲ್ಲುತ್ತದೆ. ಎಷ್ಟೋ ವರ್ಷಗಳ ಮೇಲೆ ಗೊತ್ತಾಗುತ್ತದೆ, ಆ ಯಾತ್ರೆಯನ್ನು ಕಳಿಸಿದ ಸಂಘದ ಮುಖ್ಯಸ್ಥ ಅದೇ ಲಿಯೋ ಎಂದು.

ಈ ಕತೆಯಿಂದ ಗ್ರೀನ್‌ಲೀಫ್ ತೆಗೆದ ನೀತಿ ಇಷ್ಟೆ: ಮೊದಲು ಸೇವೆಯ ಮನಸ್ಸು, ಆಮೇಲೆ ನಾಯಕತ್ವ. ಕುರ್ಚಿ ಸಿಕ್ಕ ಮೇಲೆ ಸೇವೆಯ ಮಾತಾಡುವುದು ಬೇರೆ, ಸೇವೆ ಮಾಡುತ್ತ ಮಾಡುತ್ತ ಕುರ್ಚಿಗೆ ಬರುವುದು ಬೇರೆ. ನಾಯಕ ಸೇವಕ ಹೌದೋ ಅಲ್ಲವೋ ಎಂದು ತಿಳಿಯಲು ಅವರು ಒಂದು ಪರೀಕ್ಷೆಯನ್ನೂ ಹೇಳಿದರು. ಅದರಲ್ಲಿ ನಾಯಕನ ಅಂಗಿ, ಕಾರು, ಊಟ ಯಾವುದೂ ಇಲ್ಲ. ಅವನ ಆಡಳಿತದಲ್ಲಿ ಜನ ಬೆಳೆದರೇ? ಮೊದಲಿಗಿಂತ ಸ್ವತಂತ್ರರಾದರೇ? ಅವರಲ್ಲೂ ಸೇವೆಯ ಮನಸ್ಸು ಹುಟ್ಟಿತೇ? ಎಲ್ಲರಿಗಿಂತ ಕೆಳಗಿರುವವನಿಗೆ ಏನಾಯಿತು? ಅಂದರೆ ಪರೀಕ್ಷೆ ಬರೆಯುವವನು ನಾಯಕ, ಅಂಕ ಕಾಣುವುದು ಜನರ ಬದುಕಿನಲ್ಲಿ.

ನಮ್ಮ ಓದುಗರಿಗೆ ಇದು ಹೊಸ ಮಾತಲ್ಲ ಬಿಡಿ. ಸಮುದಾಯದ ನಾಯಕ ಅದರ ಖಾದಿಮ್ ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದವರು. ಖಲೀಫಾ ಉಮರ್ ಅವರು ಬರಗಾಲದ ವರ್ಷ, ಅಂದರೆ ಹಿಜರಿ 18ರಲ್ಲಿ, ಜನರಿಗೆ ಸಿಗುವವರೆಗೆ ತುಪ್ಪ ಮುಟ್ಟಲಿಲ್ಲ ಎಂಬ ಪ್ರಸಂಗವನ್ನು ಮದ್ರಸದ ಮಕ್ಕಳೂ ಹೇಳಿಯಾರು. ಆದರೆ ಅದೇ ಬರಗಾಲದಲ್ಲಿ ಅವರು ಹೊರಗಿನ ಪ್ರಾಂತಗಳ ಗವರ್ನರುಗಳಿಗೆ ಪತ್ರ ಬರೆದು ಒಂಟೆಗಳ ಮೇಲೆ ಧಾನ್ಯ ತರಿಸಿದ್ದು, ಗವರ್ನರುಗಳನ್ನು ನೇಮಿಸುವಾಗ ಅವರ ಆಸ್ತಿ ಬರೆದಿಡುತ್ತಿದ್ದದ್ದು, ಅವರ ಮೇಲಿನ ದೂರನ್ನು ಜನರಿಂದಲೇ ಕೇಳುತ್ತಿದ್ದದ್ದು ನಮ್ಮ ಭಾಷಣಗಳಲ್ಲಿ ಅಷ್ಟಾಗಿ ಬರುವುದಿಲ್ಲ. ತುಪ್ಪ ಬಿಟ್ಟದ್ದು ಅವರ ಮನಸ್ಸು ತೋರಿಸುತ್ತದೆ. ಜನರ ಹೊಟ್ಟೆ ತುಂಬಿದ್ದು ಮಾತ್ರ ಬಂದ ಧಾನ್ಯದಿಂದ. ಈ ಎರಡರ ವ್ಯತ್ಯಾಸ ಮನಸ್ಸಲ್ಲಿಟ್ಟುಕೊಂಡು ಮುಹಿಕಾ ಕತೆಗೆ ಬರೋಣ.

ಹೂ ಮಾರಿದವ, ಜೈಲು ಕಂಡವ

ಉರುಗ್ವೆ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಜನಸಂಖ್ಯೆ ಮಾತ್ರ ಸುಮಾರು 34 ಲಕ್ಷ. ಅಲ್ಲಿ ಮನುಷ್ಯರಿಗಿಂತ ದನಗಳೇ ಜಾಸ್ತಿ. ಮುಹಿಕಾ ಹುಟ್ಟಿದ್ದು 1935ರ ಮೇ 20ರಂದು, ರಾಜಧಾನಿ ಮೊಂಟೆವಿಡಿಯೊದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಾಯಿ ಹೂ ಬೆಳೆದು ಸಂಸಾರ ಸಾಗಿಸಿದರು, ಹುಡುಗನೂ ಹೂ ಮಾರಿದ.

1960ರ ದಶಕದಲ್ಲಿ ಅವರು ಸೇರಿದ್ದು ತುಪಮಾರೋಸ್ ಎಂಬ ಸಶಸ್ತ್ರ ಗೆರಿಲ್ಲಾ ಗುಂಪನ್ನು. ಇದನ್ನು ಮುಚ್ಚಿಟ್ಟು ಅವರ ಕತೆ ಹೇಳುವುದು ಸರಿಯಲ್ಲ. ಆ ಗುಂಪು ಬ್ಯಾಂಕ್ ದೋಚಿದೆ, ಜನರನ್ನು ಅಪಹರಿಸಿದೆ, ಕೊಂದಿದೆ. ಬಂದೂಕಿನ ಹಾದಿಯಿಂದ ನ್ಯಾಯ ಬರುತ್ತದೆ ಎಂಬ ನಂಬಿಕೆ ಆ ದೇಶಕ್ಕೂ ಒಳ್ಳೆಯದು ಮಾಡಲಿಲ್ಲ, ಅವರಿಗೂ ಮಾಡಲಿಲ್ಲ. 1970ರಲ್ಲಿ ಪೊಲೀಸರ ಗುಂಡು ಆರು ಕಡೆ ಹೊಕ್ಕಿತು. ಬದುಕಿದರು. 1971ರಲ್ಲಿ ಪುಂಟಾ ಕರೆಟಾಸ್ ಜೈಲಿನಿಂದ ನೂರಕ್ಕೂ ಹೆಚ್ಚು ಕೈದಿಗಳು ಸುರಂಗ ಕೊರೆದು ಪಾರಾದಾಗ ಅವರಲ್ಲಿ ಇವರೂ ಒಬ್ಬರು. ಆ ಜೈಲು ಈಗ ಒಂದು ಶಾಪಿಂಗ್ ಮಾಲ್! ಮತ್ತೆ ಸಿಕ್ಕಿಬಿದ್ದರು.

1973ರಲ್ಲಿ ಸೇನೆ ಅಧಿಕಾರ ಹಿಡಿಯಿತು. ತುಪಮಾರೋಸ್‌ನ ಒಂಬತ್ತು ನಾಯಕರನ್ನು ಸೇನೆ ಒತ್ತೆಯಾಳುಗಳಂತೆ ಇಟ್ಟುಕೊಂಡಿತು. ಹೊರಗಿನವರು ಮತ್ತೆ ಬಂದೂಕು ಎತ್ತಿದರೆ ಒಳಗಿರುವ ಇವರನ್ನು ಕೊಲ್ಲುತ್ತೇವೆ ಎಂಬುದು ಬೆದರಿಕೆ. ಆ ಒಂಬತ್ತು ಮಂದಿಯಲ್ಲಿ ಮುಹಿಕಾ ಒಬ್ಬರು. ಒಂದು ಬ್ಯಾರಕ್ಕಿನಿಂದ ಇನ್ನೊಂದಕ್ಕೆ ಸಾಗಿಸುತ್ತ, ಒಂಟಿಯಾಗಿ, ಓದಲು ಪುಸ್ತಕವೂ ಇಲ್ಲದೆ ವರ್ಷಗಟ್ಟಲೆ ಇಟ್ಟರು. ಒಟ್ಟು ಸುಮಾರು 13 ವರ್ಷದ ಸೆರೆವಾಸ. 1985ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಕ್ಷಮಾದಾನದ ಕಾನೂನಿನಡಿ ಹೊರಬಂದರು.

ಹೊರಬಂದವರು ಸೇಡಿನ ಮಾತಾಡಲಿಲ್ಲ. ಬಂದೂಕು ಬಿಟ್ಟು ಮತಪೆಟ್ಟಿಗೆಯ ಹಾದಿ ಹಿಡಿದರು. ಸಂಸದ, ಸೆನೆಟರ್, 2005ರಿಂದ 2008ರವರೆಗೆ ಕೃಷಿ ಮತ್ತು ಜಾನುವಾರು ಮಂತ್ರಿ. 2009ರ ಕೊನೆಗೆ ಚುನಾವಣೆ ಗೆದ್ದು 2010ರ ಮಾರ್ಚ್ 1ರಂದು ಅಧ್ಯಕ್ಷರಾದರು. ಅವರಿಗೆ ಪ್ರಮಾಣವಚನ ಬೋಧಿಸಿದ್ದು ಯಾರು ಗೊತ್ತೇ? ಅವರ ಹೆಂಡತಿ ಲೂಸಿಯಾ ಟೊಪೊಲಾನ್ಸ್‌ಕಿ. ಅವರೂ ಹಳೆಯ ತುಪಮಾರೋಸ್ ಹೋರಾಟಗಾರ್ತಿ, ಜೈಲು ಕಂಡವರು. ಅತಿ ಹೆಚ್ಚು ಮತ ಪಡೆದ ಪಟ್ಟಿಯ ಮೊದಲ ಸೆನೆಟರ್ ಆಗಿದ್ದರಿಂದ ನಿಯಮದ ಪ್ರಕಾರ ಆ ಕೆಲಸ ಅವರ ಪಾಲಿಗೆ ಬಂತು.

ಕಾರಿನ ಕತೆ, ಕಾನೂನಿನ ಕತೆ

ಅಧ್ಯಕ್ಷರಿಗೆಂದು ಮೊಂಟೆವಿಡಿಯೊದಲ್ಲಿ ಅಧಿಕೃತ ನಿವಾಸ ಇದೆ. ಮುಹಿಕಾ ಅಲ್ಲಿಗೆ ಹೋಗಲೇ ಇಲ್ಲ. ನಗರದ ಹೊರವಲಯದ ರಿಂಕೊನ್ ಡೆಲ್ ಸೆರ್ರೊ ಎಂಬಲ್ಲಿ ಹೆಂಡತಿಯ ಜೊತೆ ಹೂ ಬೆಳೆಯುತ್ತಿದ್ದ ಹಳೇ ತೋಟದ ಮನೆಯಲ್ಲೇ ಉಳಿದರು. ಮಣ್ಣಿನ ರಸ್ತೆ, ಬಾವಿ ನೀರು, ಕಾವಲಿಗೆ ಇಬ್ಬರು ಪೊಲೀಸರು, ಮತ್ತೆ ಮೂರು ಕಾಲಿನ ಮನುವೇಲಾ. 2010ರಲ್ಲಿ ಅವರು ಘೋಷಿಸಿದ ಆಸ್ತಿ ಸುಮಾರು 1,800 ಡಾಲರ್, ಅಂದರೆ 1987ರ ಮಾಡೆಲ್ ಬೀಟಲ್ ಕಾರಿನ ಬೆಲೆ. ತಿಂಗಳ ಸಂಬಳ ಸುಮಾರು 12,000 ಡಾಲರ್. ಅದರಲ್ಲಿ ಶೇ. 90ರಷ್ಟನ್ನು ದಾನ ಮಾಡುತ್ತಿದ್ದರು.

ಪತ್ರಿಕೆಗಳು ಇಲ್ಲಿಗೇ ಕತೆ ನಿಲ್ಲಿಸುತ್ತವೆ. ನಾವು ಇನ್ನೂ ಸ್ವಲ್ಪ ಮುಂದೆ ಹೋಗೋಣ. ಆ ದುಡ್ಡು ಎಲ್ಲಿಗೆ ಹೋಯಿತು? ದೊಡ್ಡ ಪಾಲು ಹೋದದ್ದು ‘ಪ್ಲಾನ್ ಹುಂತೋಸ್’ ಎಂಬ ವಸತಿ ಯೋಜನೆಗೆ. ಹುಂತೋಸ್ ಅಂದರೆ ‘ಒಟ್ಟಾಗಿ’. ಜೋಪಡಿಗಳಲ್ಲಿದ್ದ ಕಡುಬಡವರು, ಅದರಲ್ಲೂ ಗಂಡಸಿನ ಆಸರೆಯಿಲ್ಲದೆ ಮಕ್ಕಳನ್ನು ಸಾಕುವ ಹೆಂಗಸರು, ಸ್ವಯಂಸೇವಕರ ಜೊತೆ ಸೇರಿ ತಮ್ಮ ಮನೆ ತಾವೇ ಕಟ್ಟಿಕೊಳ್ಳುವ ಯೋಜನೆ ಅದು. ಅಧ್ಯಕ್ಷರ ಸಂಬಳದಿಂದ ಒಂದು ದೇಶದ ವಸತಿ ಸಮಸ್ಯೆ ತೀರುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೆ ಸರಕಾರ ಯಾರ ಕಡೆ ಮುಖ ಮಾಡಿ ನಿಂತಿದೆ ಎಂಬುದನ್ನು ಅದು ಹೇಳಿತು.

ಇನ್ನೊಂದು ಸಂಗತಿ. ಮನೆಗೆಲಸದವರಿಗೂ ಉಳಿದ ಕಾರ್ಮಿಕರಂತೆ ಕೆಲಸದ ಹೊತ್ತು, ವಾರದ ರಜೆ, ನ್ಯಾಯವಾದ ಸಂಬಳ ಬೇಕು ಎನ್ನುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ರೂಪಿಸಿತು. 2012ರಲ್ಲಿ ಅದನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಉರುಗ್ವೆ. ನಮ್ಮ ದೇಶ ಅದನ್ನು ಅನುಮೋದಿಸಿದ ಪಟ್ಟಿಯಲ್ಲಿಲ್ಲ. ಕರಾವಳಿಯ ಎಷ್ಟು ಮನೆಗಳ ಅಡುಗೆ ಕೋಣೆ ಇಂಥವರ ದುಡಿಮೆಯ ಮೇಲೆ ನಿಂತಿದೆ, ಗಲ್ಫಿಗೆ ಹೋದ ನಮ್ಮವರಲ್ಲೂ ಇದೇ ಕೆಲಸ ಮಾಡಿದವರು ಎಷ್ಟು ಮಂದಿ ಎಂದು ಯೋಚಿಸಿದರೆ ಈ ಒಂದು ಸಹಿಯ ಬೆಲೆ ತಿಳಿಯುತ್ತದೆ. ಹಳೇ ಕಾರಿನ ಫೋಟೊ ಲಕ್ಷಾಂತರ ಜನ ಹಂಚಿಕೊಂಡರು. ಈ ಸಹಿಯ ಫೋಟೊ ಯಾರಾದರೂ ಹಂಚಿಕೊಂಡರೇ?

ರಾಜಧಾನಿಯಿಂದ ದೂರದ ಜಿಲ್ಲೆಗಳ ಹುಡುಗರಿಗೆ ತಮ್ಮ ಊರಿನ ಹತ್ತಿರವೇ ತಾಂತ್ರಿಕ ಶಿಕ್ಷಣ ಸಿಗಲೆಂದು 2012ರ ಕೊನೆಗೆ ಒಂದು ಹೊಸ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಕಾನೂನು ಬಂತು. ಸರಕಾರಿ ಲೆಕ್ಕದ ಪ್ರಕಾರ 2010ರಲ್ಲಿ ಶೇ. 18ರ ಆಸುಪಾಸಿನಲ್ಲಿದ್ದ ಬಡತನ 2014ಕ್ಕೆ ಶೇ. 10ಕ್ಕಿಂತ ಕೆಳಗೆ ಬಂತು. ಇದರ ಪೂರಾ ಕೀರ್ತಿ ಒಬ್ಬರಿಗೇ ಕೊಡಬೇಕಾಗಿಲ್ಲ. ಹಿಂದಿನ ಸರಕಾರ ಹಾಕಿದ ಅಡಿಪಾಯ ಇತ್ತು, ದನದ ಮಾಂಸಕ್ಕೂ ಸೋಯಾಕ್ಕೂ ಆಗ ಹೊರದೇಶದಲ್ಲಿ ಒಳ್ಳೆಯ ಬೆಲೆ ಇತ್ತು. ಆದರೆ ಬಂದ ಲಾಭ ಮೇಲಿನವರ ಜೇಬಿನಲ್ಲೇ ನಿಲ್ಲದೆ ಕೆಳಗೂ ಇಳಿಯಿತು ಎನ್ನುವುದು ಸುಳ್ಳಲ್ಲ.

ಯಾರೂ ಬೇಡವೆಂದವರಿಗೆ ಬಾಗಿಲು

ಗ್ವಾಂಟನಾಮೊ ಹೆಸರು ಕೇಳದವರು ಕಡಿಮೆ. ಕ್ಯೂಬಾ ದ್ವೀಪದಲ್ಲಿ ಅಮೆರಿಕ ನಡೆಸುವ ಆ ಸೆರೆಮನೆಯಲ್ಲಿ ವಿಚಾರಣೆಯೇ ಇಲ್ಲದೆ ಹತ್ತು ಹನ್ನೆರಡು ವರ್ಷ ಕಳೆದವರಿದ್ದರು. ಬಿಡುಗಡೆಗೆ ಅರ್ಹರು ಎಂದು ಅಮೆರಿಕವೇ ಹೇಳಿದ ಮೇಲೂ ಅವರನ್ನು ಸೇರಿಸಿಕೊಳ್ಳಲು ದೇಶಗಳು ಹಿಂಜರಿಯುತ್ತಿದ್ದವು. 2014ರ ಡಿಸೆಂಬರಿನಲ್ಲಿ ಅಂಥ ಆರು ಮಂದಿಯನ್ನು, ಅಂದರೆ ನಾಲ್ವರು ಸಿರಿಯನ್ನರು, ಒಬ್ಬ ಫೆಲೆಸ್ತೀನಿ, ಒಬ್ಬ ಟ್ಯುನೀಶಿಯದವ, ಉರುಗ್ವೆ ನಿರಾಶ್ರಿತರಾಗಿ ಬರಮಾಡಿಕೊಂಡಿತು. ಅದಕ್ಕೆ ಎರಡು ತಿಂಗಳ ಹಿಂದೆ ಸಿರಿಯದ ಯುದ್ಧದಿಂದ ಓಡಿಬಂದ ಐದು ಕುಟುಂಬಗಳಿಗೂ ಜಾಗ ಕೊಟ್ಟಿತ್ತು.

ಮುಸ್ಲಿಮರು ಬೆರಳೆಣಿಕೆಯಷ್ಟಿರುವ ದೇಶ ಅದು. ದೇವರನ್ನೇ ನಂಬದ ಅಧ್ಯಕ್ಷ. ಹೀಗೆ ಮಾಡಿದರೆ ಒಂದು ಓಟೂ ಸಿಗುವುದಿಲ್ಲ, ಇರುವ ಓಟು ಹೋದೀತು. ಜನಮತ ಸಮೀಕ್ಷೆಗಳಲ್ಲಿ ವಿರೋಧವೂ ಇತ್ತು. ಆದರೂ ಮಾಡಿದರು. ತಾನು ಕತ್ತಲ ಕೋಣೆಯಲ್ಲಿ ಕಳೆದ ವರ್ಷಗಳು ಅವರಿಗೆ ಮರೆತಿರಲಿಲ್ಲ.

ಈ ಕತೆ ಸುಖಾಂತ್ಯವೇನೂ ಅಲ್ಲ ಎಂಬುದನ್ನೂ ಹೇಳಬೇಕು. ಬಂದವರಿಗೆ ಸ್ಪ್ಯಾನಿಷ್ ಭಾಷೆ ಬಾರದು, ಸರಿಯಾದ ಕೆಲಸ ಸಿಗಲಿಲ್ಲ, ದುಬಾರಿ ಜೀವನ. 2015ರಲ್ಲಿ ಸಿರಿಯನ್ ಕುಟುಂಬಗಳು ರಾಜಧಾನಿಯ ಮುಖ್ಯ ಚೌಕದಲ್ಲೇ ಧರಣಿ ಕೂತು, ನಮಗೆ ಇಲ್ಲಿ ಬದುಕಲು ಆಗುತ್ತಿಲ್ಲ, ಬೇರೆಡೆ ಕಳಿಸಿ ಎಂದವು. ಬಾಗಿಲು ತೆರೆಯಲು ದೊಡ್ಡ ಮನಸ್ಸು ಸಾಕು. ಒಳಗೆ ಬಂದವರನ್ನು ನೆಲೆಗೊಳಿಸಲು ವ್ಯವಸ್ಥೆ ಬೇಕು. ಒಳ್ಳೆಯ ಮನಸ್ಸು ವ್ಯವಸ್ಥೆಗೆ ಬದಲಿಯಲ್ಲ ಎನ್ನುವ ಪಾಠ ಇಲ್ಲಿದೆ.

ಸೋತ ಕಡೆ ಸೋತರು

ಸೇವಕ ನಾಯಕನೆಂದರೆ ತಪ್ಪೇ ಮಾಡದವನಲ್ಲ. ಅಧಿಕಾರ ಹಿಡಿದ ದಿನದ ಭಾಷಣದಲ್ಲಿ ಮುಹಿಕಾ ಶಿಕ್ಷಣವೇ ಎಲ್ಲಕ್ಕಿಂತ ಮುಖ್ಯ ಎಂದು ಒತ್ತಿ ಒತ್ತಿ ಹೇಳಿದ್ದರು. ಆದರೆ ಶಾಲಾ ಶಿಕ್ಷಣದಲ್ಲಿ ದೊಡ್ಡ ಸುಧಾರಣೆ ಅವರಿಂದ ಆಗಲಿಲ್ಲ. ಹೈಸ್ಕೂಲು ಮುಗಿಸದೆ ಬಿಡುವ ಮಕ್ಕಳ ಸಮಸ್ಯೆ ಹಾಗೇ ಉಳಿಯಿತು. ದೇಶದ ವಿಮಾನ ಕಂಪೆನಿ ‘ಪ್ಲೂನಾ’ 2012ರಲ್ಲಿ ಮುಚ್ಚಿತು. ಅದರ ವ್ಯವಹಾರದ ತನಿಖೆ ಹಣಕಾಸು ಮಂತ್ರಿಯ ಬಾಗಿಲಿಗೇ ಬಂತು, 2013ರ ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ಗಾಂಜಾವನ್ನು ಸರಕಾರದ ಹತೋಟಿಯಲ್ಲಿ ಮಾರಲು ಅವಕಾಶ ಕೊಟ್ಟ ಕಾನೂನು ನಮ್ಮಲ್ಲಿ ಹೆಚ್ಚಿನವರಿಗೆ ಒಪ್ಪಿಗೆಯಾಗದು. ಅಲ್ಲಿಯೂ ಹೆಚ್ಚು ಜನಕ್ಕೆ ಆಗ ಒಪ್ಪಿಗೆ ಇರಲಿಲ್ಲ.

ಹಾಗಾದರೆ ಅವರನ್ನು ಸೇವಕ ಎನ್ನುವುದು ಯಾಕೆ? ಅವರು ಎಲ್ಲರೂ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು ಎಂದಲ್ಲ. ಹೇಳಿದ್ದಕ್ಕೆಲ್ಲ ಹೂಂ ಎನ್ನುವವನು ಸೇವಕನಲ್ಲ, ಓಟಿನ ವ್ಯಾಪಾರಿ. ಸೇವಕ ಎನ್ನಲು ಕಾರಣ ಬೇರೆ. ಅವರ ಮೇಲೆ ತನಿಖೆ ಮಾಡಬಹುದಿತ್ತು, ಪತ್ರಿಕೆಗಳು ಬಯ್ಯಬಹುದಿತ್ತು, ಅವರ ಮಂತ್ರಿ ರಾಜೀನಾಮೆ ಕೊಡಬೇಕಾಗಿತ್ತು. ಕೊನೆಗೆ ಅವಧಿ ಮುಗಿದ ದಿನ ಅವರು ಎದ್ದು ಹೋಗಬೇಕಿತ್ತು, ಎದ್ದು ಹೋದರು. ಉರುಗ್ವೆಯ ಸಂವಿಧಾನದಲ್ಲಿ ಅಧ್ಯಕ್ಷನೊಬ್ಬ ಬೆನ್ನುಬೆನ್ನಿಗೆ ಎರಡು ಅವಧಿ ಆಳುವಂತಿಲ್ಲ. ಅಕ್ಕಪಕ್ಕದ ಎಷ್ಟೋ ದೇಶಗಳಲ್ಲಿ ಜನಪ್ರಿಯ ನಾಯಕರು ಇಂಥ ನಿಯಮವನ್ನೇ ಬದಲಿಸಿಕೊಂಡು ಕೂತದ್ದುಂಟು. ಮುಹಿಕಾ 2015ರ ಮಾರ್ಚ್ 1ರಂದು ಅದೇ ನೀಲಿ ಕಾರು ಹತ್ತಿ ಅದೇ ತೋಟದ ಮನೆಗೆ ಹೋದರು. ಅವರು ಬೆಳೆಸಿದ ಯಮಾಂಡು ಓರ್ಸಿ 2025ರಲ್ಲಿ ಅಧ್ಯಕ್ಷರಾದಾಗ ಪೆಪೆ ಇನ್ನೂ ಬದುಕಿದ್ದರು. ತನ್ನ ನಂತರದವರನ್ನು ಬೆಳೆಸುವುದೂ ಸೇವೆಯೇ. ಆಲದ ಮರದ ಕೆಳಗೆ ಹುಲ್ಲೂ ಬೆಳೆಯುವುದಿಲ್ಲ ಎನ್ನುತ್ತಾರಲ್ಲ, ಅಂಥ ನಾಯಕರೇ ನಮಗೆ ಜಾಸ್ತಿ ಪರಿಚಯ.

ನಾವು ಕೇಳಬೇಕಾದದ್ದು

ಈಗ ನಮ್ಮ ಕಡೆಗೆ ನೋಡಿಕೊಳ್ಳೋಣ. ಚುನಾವಣೆ ಬಂತೆಂದರೆ ನಾಯಕರು ಬಸ್ಸು ಹತ್ತುತ್ತಾರೆ, ಬಡವರ ಮನೆಯಲ್ಲಿ ಕೂತು ಊಟ ಮಾಡುತ್ತಾರೆ, ಗದ್ದೆಗಿಳಿದು ನೇಜಿ ನೆಡುತ್ತಾರೆ. ಪಕ್ಕದಲ್ಲೇ ಕ್ಯಾಮೆರಾ. ‘ಎಷ್ಟು ಸಿಂಪಲ್ ಮಾರಾಯ್ರೇ’ ಎಂದು ನಾವೂ ಖುಷಿ ಪಡುತ್ತೇವೆ. ಸರಳತೆ ಕೆಟ್ಟದ್ದಲ್ಲ. ಖಜಾನೆಯ ದುಡ್ಡಿನಲ್ಲಿ ಮೆರೆಯುವವನಿಗಿಂತ ಸರಳವಾಗಿ ಬದುಕುವವನು ಸಾವಿರ ಪಾಲು ಮೇಲು. ಆದರೆ ಸರಳತೆಯನ್ನು ನಟಿಸಬಹುದು. ಚಾಪೆಯ ಮೇಲೆ ಮಲಗಿಕೊಂಡೇ ಜನರ ಬಾಯಿ ಮುಚ್ಚಿಸಿದ ಆಳುವವರೂ ಇತಿಹಾಸದಲ್ಲಿದ್ದಾರೆ.

ಹಾಗಾಗಿ ಅಂಗಿ ನೋಡಿ ಮರುಳಾಗುವ ಬದಲು ಮೂರು ಪ್ರಶ್ನೆ ಕೇಳೋಣ. ಒಂದು, ಇವರು ಬಂದ ಮೇಲೆ ನಮ್ಮೂರಿನ ಎಲ್ಲರಿಗಿಂತ ಬಡವನ ಬದುಕು ಎಷ್ಟು ಬದಲಾಯಿತು? ಬೀಡಿ ಕಟ್ಟುವ ಹೆಂಗಸು, ಮೀನು ಹೊರುವ ಕೂಲಿ, ಮನೆಗೆಲಸದವಳು ಇವರಿಗೆ ಏನು ಸಿಕ್ಕಿತು? ಎರಡು, ಇವರನ್ನು ನಾವು ಹೆದರದೆ ಪ್ರಶ್ನಿಸಬಹುದೇ? ಲೆಕ್ಕ ಕೇಳಿದರೆ ಲೆಕ್ಕ ಕೊಡುತ್ತಾರೋ, ಕೇಳಿದವನ ಮೇಲೆ ಕೇಸು ಹಾಕುತ್ತಾರೋ? ಮೂರು, ಅವಧಿ ಮುಗಿದಾಗ ಎದ್ದು ಹೋಗುತ್ತಾರೋ, ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಬೆಳೆಸಿದ್ದಾರೋ?

ಈ ಮೂರು ಪ್ರಶ್ನೆ ಪ್ರಧಾನಿ, ಮುಖ್ಯಮಂತ್ರಿಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಪಂಚಾಯತ್ ಅಧ್ಯಕ್ಷರಿಗೂ ಕೇಳಬಹುದು, ಜಮಾಅತ್ ಕಮಿಟಿಯ ಅಧ್ಯಕ್ಷರಿಗೂ ಕೇಳಬಹುದು. ಊರಿನ ಸಣ್ಣ ಕಮಿಟಿಯಲ್ಲಿ ಲೆಕ್ಕ ಕೇಳಲು ನಾಚುವವರು ದೇಶದ ಲೆಕ್ಕ ಕೇಳಿಯಾರೇ? ಪ್ರಶ್ನೆ ಕೇಳುವ ಅಭ್ಯಾಸ ಮನೆಯ ಹತ್ತಿರದಿಂದಲೇ ಶುರುವಾಗಬೇಕು.

ಮುಹಿಕಾ ತಾನು ಸತ್ತರೆ ತೋಟದಲ್ಲೇ, ನಾಯಿ ಮನುವೇಲಾಳನ್ನು ಹೂತ ಮರದ ಬಳಿ ತನ್ನನ್ನೂ ಇಡಿ ಎಂದಿದ್ದರು. ದೊಡ್ಡ ಸ್ಮಾರಕ ಕೇಳಲಿಲ್ಲ. ಅವರ ಹಳೇ ಬೀಟಲಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದು ಅರಬ್ ಶೇಖ್ ಒಬ್ಬರು ಹೇಳಿದ್ದಾರೆ ಎಂಬ ಸುದ್ದಿ 2014ರಲ್ಲಿ ಬಂದಿತ್ತು. ಕಾರು ಮಾರಾಟವಾಗಲಿಲ್ಲ. ಕಾರು ಯಾರ ಬಳಿ ಇದ್ದರೇನು ಬಿಡಿ. ಮೊಂಟೆವಿಡಿಯೊದ ಒಬ್ಬ ಮನೆಗೆಲಸದ ಹೆಂಗಸಿಗೆ ಇಂದು ವಾರದ ರಜೆ ಕೇಳುವ ಹಕ್ಕಿದೆ. ನಮ್ಮ ಊರಿನ ಮನೆಗೆಲಸದವಳು ಅದನ್ನು ಕೇಳುವ ದಿನ ಯಾವಾಗ ಬರುತ್ತದೆ, ಅದನ್ನು ತರುವ ಖಾದಿಮ್ ಯಾರು ಎಂದು ಈ ಸಲ ಓಟು ಕೇಳಲು ಬಂದವರಲ್ಲಿ ವಿಚಾರಿಸಿ ನೋಡಿ.